ವೃದ್ಧಾಶ್ರಮ ಸೇರುವ ಮುನ್ನ: ಆರೈಕೆಯ ಬಗೆಗಳ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಹಿರಿಯರ ಆರೈಕೆಯ ಕುರಿತು ಪ್ರಶ್ನೆಗಳನ್ನು ಕಳುಹಿಸಿರೆಂದು ಕೇಳಿಕೊಂಡ ಮೇಲೆ ಮುಂಬಯಿ, ಠಾಣೆ, ಪುಣೆ ಮತ್ತು ಗೋವೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟು, ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇವೆ. ನಾನೂ ನನ್ನ ಹೆಂಡತಿಯೂ ಬೆಳಗ್ಗೆ ಲೋಕಲ್ ಹಿಡಿದು ಹೊರಟರೆ ಮರಳುವುದು ರಾತ್ರಿಯೇ. ಅಮ್ಮನಿಗೆ 81 ವರ್ಷ. ವಾಕರ್ ಹಿಡಿದು ನಡೆಯುತ್ತಾರೆ, ಮಾತ್ರೆ ತೆಗೆದುಕೊಂಡದ್ದನ್ನು ಮರೆಯುತ್ತಾರೆ, ಈಚೆಗೆ ಬಚ್ಚಲಿನಲ್ಲಿ ಜಾರಿ ಬಿದ್ದರು. ನೋಡಿ ಬಂದ ಸಂಸ್ಥೆಗಳಲ್ಲಿ ಒಂದು ತನ್ನನ್ನು ವೃದ್ಧಾಶ್ರಮ ಎನ್ನುತ್ತದೆ, ಇನ್ನೊಂದು ಅಸಿಸ್ಟೆಡ್ ಲಿವಿಂಗ್ ಎನ್ನುತ್ತದೆ, ಮತ್ತೊಂದು ನರ್ಸಿಂಗ್ ಕೇರ್ ಎನ್ನುತ್ತದೆ. ಇವುಗಳ ನಡುವೆ ನಿಜವಾಗಿ ವ್ಯತ್ಯಾಸವಿದೆಯೇ?

ಉತ್ತರ: ವ್ಯತ್ಯಾಸವಿದೆ, ಆದರೆ ಅದು ಬೋರ್ಡಿನ ಮೇಲಿನ ಹೆಸರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಈ ಹೆಸರುಗಳನ್ನು ಯಾರು ಹೇಗೆ ಬೇಕಾದರೂ ಬಳಸುತ್ತಾರೆ. ಮೂವರು ಹಿರಿಯರನ್ನು ಒಂದು ಬಾಡಿಗೆ ಬಂಗಲೆಯಲ್ಲಿಟ್ಟು ನೋಡಿಕೊಳ್ಳುವವರೂ, ಪೂರ್ಣ ಪ್ರಮಾಣದ ವೈದ್ಯಕೀಯ ಸಿಬ್ಬಂದಿ ಇರುವವರೂ ಒಂದೇ ಪದವನ್ನು ಬಳಸುವುದುಂಟು. ಆದ್ದರಿಂದ ಮೊದಲು ಸಂಸ್ಥೆಗಳನ್ನು ನೋಡುವುದನ್ನು ಬಿಟ್ಟು ತಾಯಿಯವರನ್ನೇ ಒಂದು ವಾರ ಗಮನವಿಟ್ಟು ನೋಡಿರಿ. ವೈದ್ಯರು ಇದಕ್ಕೆ ಬಳಸುವ ಒಂದು ಸರಳ ಅಳತೆ ಇದೆ. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಈ ಅಳತೆಯಲ್ಲಿ ಆರು ಕೆಲಸಗಳಿವೆ: ಸ್ನಾನ ಮಾಡುವುದು, ಬಟ್ಟೆ ತೊಡುವುದು, ಶೌಚಾಲಯಕ್ಕೆ ಹೋಗಿ ಬರುವುದು, ಹಾಸಿಗೆಯಿಂದ ಕುರ್ಚಿಗೆ ಕುರ್ಚಿಯಿಂದ ಹಾಸಿಗೆಗೆ ಸರಿಯುವುದು, ಮಲಮೂತ್ರದ ಮೇಲೆ ಹಿಡಿತವಿರುವುದು ಮತ್ತು ತಾವೇ ಉಣ್ಣುವುದು. ಈ ಆರರಲ್ಲಿ ಯಾವುದನ್ನು ತಾಯಿಯವರು ಒಬ್ಬರೇ ಮಾಡಬಲ್ಲರು, ಯಾವುದಕ್ಕೆ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು, ಯಾವುದನ್ನು ಇನ್ನೊಬ್ಬರೇ ಮಾಡಿಸಬೇಕು ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಇದಕ್ಕೆ ಜೊತೆಯಾಗಿ 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬವರು ರೂಪಿಸಿದ ಇನ್ನೊಂದು ಪಟ್ಟಿ ಇದೆ. ಅದು ಅಡುಗೆ, ಬಟ್ಟೆ ಒಗೆಯುವುದು, ಪೇಟೆಗೆ ಹೋಗುವುದು, ಫೋನ್ ಮಾಡುವುದು, ಹಣದ ಲೆಕ್ಕ ನೋಡುವುದು, ಸಮಯಕ್ಕೆ ಮಾತ್ರೆ ತೆಗೆದುಕೊಳ್ಳುವುದು ಮುಂತಾದವುಗಳನ್ನು ಕೇಳುತ್ತದೆ.

ಎರಡನೆಯ ಪಟ್ಟಿಯ ಕೆಲಸಗಳು ಮಾತ್ರ ಕಷ್ಟವಾಗಿದ್ದು ಮೊದಲನೆಯ ಆರೂ ಸರಿಯಿದ್ದರೆ ಆ ವ್ಯಕ್ತಿಗೆ ಬೇಕಾದದ್ದು ಊಟ, ಶುಚಿತ್ವ, ಸಹವಾಸ ಮತ್ತು ಕರೆದರೆ ಬರುವ ಒಬ್ಬರು; ಸಾಮಾನ್ಯ ವೃದ್ಧಾಶ್ರಮವೋ ಸ್ವತಂತ್ರ ವಾಸದ ವಸತಿಯೋ ಸಾಕಾಗುತ್ತದೆ. ಆರರಲ್ಲಿ ಒಂದೆರಡಕ್ಕೆ ಕೈಯಾಸರೆ ಬೇಕಿದ್ದರೆ, ಅಂದರೆ ಸ್ನಾನಕ್ಕೆ ಹಿಡಿದುಕೊಳ್ಳಬೇಕು, ಮಾತ್ರೆ ಕೈಗೆ ಕೊಟ್ಟು ನುಂಗಿದ್ದನ್ನು ನೋಡಬೇಕು ಎಂದಿದ್ದರೆ, ಅದು ನೆರವಿನ ವಾಸ. ಅಸಿಸ್ಟೆಡ್ ಲಿವಿಂಗ್ ಎನ್ನುವುದು ಇದನ್ನೇ. ಹೆಚ್ಚಿನವುಗಳಿಗೆ ಇನ್ನೊಬ್ಬರೇ ಬೇಕು, ಅಥವಾ ಮೂಗಿನ ಮೂಲಕ ಆಹಾರ ಕೊಡುವ ರೈಲ್ಸ್ ಟ್ಯೂಬ್, ಮೂತ್ರದ ಕ್ಯಾಥೆಟರ್, ದಿನಕ್ಕೆ ಹಲವು ಬಾರಿ ಇನ್ಸುಲಿನ್, ಹಾಸಿಗೆ ಹುಣ್ಣಿನ ಡ್ರೆಸ್ಸಿಂಗ್ ಇವೆ ಎಂದಾದರೆ ಅದು ಶುಶ್ರೂಷಾ ಆರೈಕೆ. ಅಲ್ಲಿ ತರಬೇತಿ ಪಡೆದು ನೋಂದಣಿ ಮಾಡಿಸಿಕೊಂಡ ನರ್ಸ್ ಇರಲೇಬೇಕು. ಮುಂಬಯಿಯಲ್ಲಿ ಎಲ್ಲರೂ ಮೌಶಿ ಎಂದು ಕರೆಯುವ ಸಹಾಯಕಿಯರು ಬಹಳ ಸಲ ಅಕ್ಕರೆಯಿಂದ ದುಡಿಯುವವರು. ಆದರೆ ಡಯಾಪರ್ ಬದಲಿಸುವುದು ಬೇರೆ, ಟ್ಯೂಬ್ ಸರಿದಿದೆಯೇ ಎಂದು ಪರೀಕ್ಷಿಸುವುದು ಬೇರೆ. ಎರಡನ್ನೂ ಒಬ್ಬರ ಮೇಲೆ ಹೊರಿಸುವ ಸಂಸ್ಥೆಯನ್ನು ನಾನು ಶಿಫಾರಸು ಮಾಡಲಾರೆ.

ನೀವು ಬರೆದಿರುವುದನ್ನು ನೋಡಿದರೆ ತಾಯಿಯವರು ಎರಡನೆಯ ಬಗೆಗೆ, ಅಂದರೆ ನೆರವಿನ ವಾಸಕ್ಕೆ, ಸೇರುತ್ತಾರೆ. ಆದರೂ ಸ್ಥಳ ಆರಿಸುವಾಗ ಇಂದಿನ ಸ್ಥಿತಿಯೊಂದನ್ನೇ ನೋಡಬೇಡಿರಿ. ನಾಳೆ ಅವರು ಹಾಸಿಗೆ ಹಿಡಿದರೆ ಅಲ್ಲೇ ಇಟ್ಟುಕೊಳ್ಳುತ್ತಾರೆಯೇ, ಇಲ್ಲವೇ ಇಷ್ಟು ದಿನಗಳಲ್ಲಿ ಕರೆದುಕೊಂಡು ಹೋಗಿರೆಂದು ಹೇಳುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲಿ ಓದಿ ತಿಳಿದುಕೊಳ್ಳಿರಿ. ಬಾಯಿಮಾತಿನಲ್ಲಿ ಎಲ್ಲರೂ ನೋಡೋಣ ಎನ್ನುತ್ತಾರೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿಗೆ ಬರುವ ದೂರುಗಳಲ್ಲಿ ಬಹಳಷ್ಟು ಹುಟ್ಟುವುದು ಈ ಒಂದು ಮಾತಿನಿಂದಲೇ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದವರನ್ನು ಆಸ್ಪತ್ರೆ ಬಿಡುಗಡೆ ಮಾಡುವ ದಿನವೇ ವೃದ್ಧಾಶ್ರಮವು ನಮ್ಮಲ್ಲಿ ಇಂಥವರನ್ನು ಇಟ್ಟುಕೊಳ್ಳುವುದಿಲ್ಲ ಎಂದರೆ ಮಕ್ಕಳು ಎಲ್ಲಿಗೆ ಓಡಬೇಕು?

ಎರಡನೆಯ ಮುಖ್ಯ ವಿಷಯ ರಾತ್ರಿಯದು. ಹಗಲಲ್ಲಿ ನೋಡಲು ಹೋದವರಿಗೆ ಮ್ಯಾನೇಜರ್, ಅಡುಗೆಯವರು, ಫಿಸಿಯೋಥೆರಪಿಸ್ಟ್, ಭಜನೆ ಮಾಡಿಸುವವರು ಎಲ್ಲರೂ ಕಾಣಿಸುತ್ತಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಷ್ಟು ಹಿರಿಯರಿಗೆ ಎಷ್ಟು ಮಂದಿ ಎಚ್ಚರವಾಗಿರುತ್ತಾರೆ, ಅವರಲ್ಲಿ ನರ್ಸ್ ಇದ್ದಾರೆಯೇ, ಎದೆನೋವು ಬಂದರೆ ಯಾವ ಆಸ್ಪತ್ರೆಗೆ ಯಾವ ವಾಹನದಲ್ಲಿ ಒಯ್ಯುತ್ತಾರೆ, ಆಸ್ಪತ್ರೆಯಲ್ಲಿ ಸಹಿ ಮಾಡುವವರು ಯಾರು, ಇವನ್ನು ಕೇಳಿರಿ. ವೃದ್ಧರು ಬೀಳುವುದರಲ್ಲಿ ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವುದು ಬಹಳ ಸಾಮಾನ್ಯ, ನಿಮ್ಮ ತಾಯಿ ಒಮ್ಮೆ ಬಿದ್ದವರೂ ಹೌದು. ಹಾಸಿಗೆಯಿಂದ ಶೌಚಾಲಯದವರೆಗೆ ಹಿಡಿಕಂಬಿ ಇದೆಯೇ, ರಾತ್ರಿ ಮಂದ ದೀಪವಿದೆಯೇ, ಬಚ್ಚಲಿನ ಬಾಗಿಲು ಹೊರಗಿನಿಂದ ತೆರೆಯುವಂತಿದೆಯೇ ಎಂದು ಕಣ್ಣಾರೆ ನೋಡಿರಿ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ನಿಯಮ. ಆ ಮಗ್ಗುಲು ಬದಲಿಸಿದ ದಾಖಲೆಯ ಪುಸ್ತಕವನ್ನು ತೋರಿಸಿರೆಂದು ಕೇಳಿದಾಗ ಅವರ ಮುಖಭಾವ ಹೇಗಾಗುತ್ತದೆ ಎಂಬುದರಲ್ಲಿಯೇ ನಿಮಗೆ ಬಹಳಷ್ಟು ತಿಳಿಯುತ್ತದೆ.

ಹಣದ ವಿಷಯದಲ್ಲಿ ಒಂದು ಮಾತು. ತಿಂಗಳ ಶುಲ್ಕ ಎಂದು ಹೇಳುವ ಮೊತ್ತದಲ್ಲಿ ಏನು ಸೇರಿದೆ ಎಂದು ಬರೆಸಿಕೊಳ್ಳಿರಿ. ಡಯಾಪರ್, ಔಷಧ, ವೈದ್ಯರ ಭೇಟಿ, ಫಿಸಿಯೋಥೆರಪಿ, ಆಸ್ಪತ್ರೆಯಲ್ಲಿ ಜೊತೆಗೆ ಕೂರುವ ಸಹಾಯಕರ ದಿನಗೂಲಿ ಇವೆಲ್ಲ ಸಾಮಾನ್ಯವಾಗಿ ಬೇರೆಯೇ ಬಿಲ್ಲಾಗುತ್ತವೆ. ಡಿಪಾಸಿಟ್ ಮರಳುತ್ತದೆಯೇ, ತಾಯಿಯವರು ಒಂದು ತಿಂಗಳಲ್ಲಿಯೇ ಮನೆಗೆ ಮರಳಿದರೆ ಅದರಲ್ಲಿ ಎಷ್ಟು ಕಡಿತವಾಗುತ್ತದೆ ಎಂಬುದೂ ಒಪ್ಪಂದದಲ್ಲಿರಲಿ.

ಪ್ರಶ್ನೆ: ಮುಲುಂಡದ ಓದುಗರೊಬ್ಬರು ಕೇಳುತ್ತಾರೆ: ಅತ್ತೆಯವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ, ಶಾಶ್ವತವಾಗಿ ಎಲ್ಲಿಗೂ ಕಳುಹಿಸುವ ಮನಸ್ಸಿಲ್ಲ. ಆದರೆ ಊರಿನಲ್ಲಿ ಮನೆತನದ ಭೂತಕೋಲಕ್ಕೆ ನಾವೆಲ್ಲ ಹೋಗಲೇಬೇಕು. ಆ ಕೆಲವು ದಿನಗಳಿಗೆ ಮಾತ್ರ ಅವರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಉತ್ತರ: ಇಟ್ಟುಕೊಳ್ಳುತ್ತಾರೆ. ನೋಡಿಕೊಳ್ಳುವವರಿಗೆ ಬಿಡುವು ಕೊಡುವುದಕ್ಕಾಗಿಯೇ ಇರುವ ಈ ತಾತ್ಕಾಲಿಕ ವಾಸಕ್ಕೆ ರೆಸ್ಪೈಟ್ ಕೇರ್ ಎಂಬ ಹೆಸರಿದ್ದು, ಹಾಸಿಗೆ ಖಾಲಿ ಇದ್ದರೆ ಅನೇಕ ಖಾಸಗಿ ಸಂಸ್ಥೆಗಳು ಒಂದು ವಾರಕ್ಕೋ ತಿಂಗಳಿಗೋ ಒಪ್ಪಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯ ನಂತರ ನಡೆಯಲು ಕಲಿಯುವವರೆಗೆ ಇದ್ದು ಮರಳುವವರೂ ಇದೇ ವ್ಯವಸ್ಥೆಯನ್ನು ಬಳಸುತ್ತಾರೆ. ಹಬ್ಬದ ದಿನಗಳಲ್ಲಿ ಮತ್ತು ಮೇ ರಜೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕಾಗುವುದರಿಂದ ಮುಂಚಿತವಾಗಿ ಕೇಳಿಟ್ಟುಕೊಳ್ಳಿರಿ. ಔಷಧಗಳ ಪಟ್ಟಿ, ವೈದ್ಯರ ಚೀಟಿ, ಕಳೆದ ರಕ್ತಪರೀಕ್ಷೆಯ ವರದಿ ಇವುಗಳ ಜೊತೆಗೆ ಅತ್ತೆಯವರ ದಿನಚರಿಯನ್ನೂ ಬರೆದು ಕೊಡಿರಿ; ಬೆಳಗ್ಗೆ ಕುಚ್ಚಲಕ್ಕಿ ಗಂಜಿಯನ್ನೇ ಕುಡಿದು ರೂಢಿಯಿರುವವರಿಗೆ ಎದುರಿಗೆ ಪೋಹೆ ತಂದಿಟ್ಟರೆ ಉಣ್ಣದೆ ಉಳಿಯುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಣ್ಣದೆ ಉಳಿಯುವುದು ಅಪಾಯ. ಇನ್ನೊಂದು ದಾರಿ ಸಹಾಯಕಿಯರನ್ನು ಒದಗಿಸುವ ಬ್ಯೂರೋದಿಂದ ಇಪ್ಪತ್ತನಾಲ್ಕು ಗಂಟೆಯ ಸಹಾಯಕಿಯನ್ನು ಮನೆಗೇ ಕರೆಸುವುದು. ಆದರೆ ಮನೆಯವರು ಯಾರೂ ಇಲ್ಲದಿರುವಾಗ ಹೊಸಬರ ಕೈಗೆ ಮನೆಯನ್ನೂ ಅತ್ತೆಯವರನ್ನೂ ಒಪ್ಪಿಸಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಠಾಣೆಯಲ್ಲಿರುವ ನಮ್ಮ ಅಪ್ಪನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಸಂಜೆಯಾದರೆ ಮನೆಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ, ಎರಡು ಸಲ ಲಿಫ್ಟಿಳಿದು ಹೊರಟೇಬಿಟ್ಟಿದ್ದಾರೆ. ಐವತ್ತು ವರ್ಷ ಮುಂಬಯಿಯಲ್ಲಿದ್ದು ಮರಾಠಿ, ಹಿಂದಿ ಚೆನ್ನಾಗಿ ಮಾತಾಡುತ್ತಿದ್ದವರು ಈಗ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ. ಯಾವ ಬಗೆಯ ಸಂಸ್ಥೆ ಇವರಿಗೆ ಸರಿ?

ಉತ್ತರ: ಸಾಮಾನ್ಯ ವೃದ್ಧಾಶ್ರಮ ಖಂಡಿತ ಸರಿಯಲ್ಲ, ಅನೇಕ ವೃದ್ಧಾಶ್ರಮಗಳು ಇಂಥವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಅದಕ್ಕೂ ಮೊದಲು ಒಂದು ಮಾತನ್ನು ಖಚಿತಪಡಿಸಿಕೊಳ್ಳಿರಿ. ಮರೆವು ಮತ್ತು ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾಗಿದ್ದರೆ ಅದು ಕಾಯಿಲೆ ಮುಂದುವರಿದದ್ದೇ ಎಂದು ಭಾವಿಸಬಾರದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಥೈರಾಯ್ಡ್ ತೊಂದರೆ, ಬಿ12 ಕೊರತೆ, ಹೊಸದಾಗಿ ಕೊಟ್ಟ ಒಂದು ಮಾತ್ರೆ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಇವೆಲ್ಲ ಅದೇ ಚಿತ್ರವನ್ನು ತೋರಿಸಬಲ್ಲವು, ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ನರರೋಗ ತಜ್ಞರನ್ನೋ ವೃದ್ಧರೋಗ ತಜ್ಞರನ್ನೋ ಒಮ್ಮೆ ಕಾಣದೆ ಸಂಸ್ಥೆಗೆ ಸೇರಿಸಬೇಡಿರಿ.

ಸಂಜೆಯ ಹೊತ್ತಿಗೆ ಗಾಬರಿ, ಹಟ ಹೆಚ್ಚಾಗುವುದು ಈ ಕಾಯಿಲೆಯ ಪರಿಚಿತ ಲಕ್ಷಣ. ಡಿಮೆನ್ಶಿಯಾ ಆರೈಕೆಗೆಂದೇ ಇರುವ ಒಳ್ಳೆಯ ಸಂಸ್ಥೆಯಲ್ಲಿ ಇದಕ್ಕೆ ತಕ್ಕ ಏರ್ಪಾಡಿರುತ್ತದೆ: ಗೇಟಿನವರೆಗೆ ಹೋಗಿ ಮರಳುವಂತೆ ಸುತ್ತಿ ಬರುವ ನಡೆದಾರಿ, ಹೊರಬಾಗಿಲಿಗೆ ಕಾವಲು, ಕತ್ತಲಾಗುವ ಮುನ್ನವೇ ಹಚ್ಚುವ ಒಳ್ಳೆಯ ಬೆಳಕು, ಸಂಜೆಗೆ ಕೈಗೊಂದು ಕೆಲಸ, ಶೌಚಾಲಯದ ಬಾಗಿಲಿಗೆ ದೊಡ್ಡ ಚಿತ್ರ, ಮತ್ತು ಅವೇ ಮುಖಗಳು ದಿನವೂ ಕಾಣುವಂತೆ ಬದಲಾಗದ ಸಿಬ್ಬಂದಿ. ಇದಾವುದೂ ಇಲ್ಲದೆ ಸಂಜೆ ಎಲ್ಲರನ್ನೂ ಬೇಗ ಮಲಗಿಸುವ ಸಂಸ್ಥೆಯಾದರೆ ಏನು ಕೊಟ್ಟು ಮಲಗಿಸುತ್ತೀರಿ ಎಂದು ಕೇಳಿರಿ. ಡಿಮೆನ್ಶಿಯಾ ಇರುವ ವೃದ್ಧರಿಗೆ ಮನೋರೋಗದ ಕೆಲವು ಮಾತ್ರೆಗಳನ್ನು ಕೊಡುವುದರಿಂದ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಕೆ ನೀಡಿದೆ. ಅಂಥ ಮಾತ್ರೆ ಎಂದೂ ಬೇಡವೆಂದು ಇದರ ಅರ್ಥವಲ್ಲ. ವೈದ್ಯರು ಬರೆದಿರಬೇಕು, ನಿಮಗೆ ತಿಳಿದಿರಬೇಕು, ಕಡಿಮೆ ಪ್ರಮಾಣದಲ್ಲಿ ಕೆಲವು ದಿನಗಳಿಗೆ ಕೊಟ್ಟು ಮತ್ತೆ ಪರಿಶೀಲಿಸಬೇಕು. ಕೈಕಾಲು ಕಟ್ಟುವ ಪದ್ಧತಿ ಇದೆಯೆಂದು ತಿಳಿದರೆ ಮುಂದೆ ಮಾತಾಡುವ ಅಗತ್ಯವಿಲ್ಲ, ಎದ್ದು ಬನ್ನಿರಿ.

ಭಾಷೆಯ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹೊರನಾಡಿನಲ್ಲಿರುವ ನಮಗೆ ಇದು ಇತರರಿಗಿಂತ ಹೆಚ್ಚಿನ ಕಷ್ಟ. ಡಿಮೆನ್ಶಿಯಾದಲ್ಲಿ ಅನೇಕರಿಗೆ ನಂತರ ಕಲಿತ ಭಾಷೆಗಳು ಮೊದಲು ಮಾಸಿ, ಬಾಲ್ಯದ ಭಾಷೆ ಕೊನೆಯವರೆಗೆ ಉಳಿಯುತ್ತದೆ. ತಂದೆಯವರು ಹಟ ಮಾಡುತ್ತಿಲ್ಲ. ಅವರಿಗೆ ಬೇರೆ ಮಾತು ನಿಜವಾಗಿಯೂ ಸಿಗುತ್ತಿಲ್ಲ. ಠಾಣೆಯ ಸಂಸ್ಥೆಯಲ್ಲಿ ಆರೈಕೆ ಮಾಡುವವರು ಮರಾಠಿಯವರೋ ಜಾರ್ಖಂಡ್, ಕೇರಳ ಕಡೆಯಿಂದ ಬಂದವರೋ ಆಗಿರುತ್ತಾರೆ. ತಂದೆಯವರು ಹೊಟ್ಟೆನೋವು ಎಂದರೆ ಅವರಿಗೆ ತಿಳಿಯದು, ತಿಳಿಯದೆ ಹೋದಾಗ ತಂದೆಯವರು ಸಿಟ್ಟಾಗುತ್ತಾರೆ, ಸಿಟ್ಟಾದಾಗ ಹಿಂಸಾತ್ಮಕ ವರ್ತನೆ ಎಂದು ದಾಖಲಾಗುತ್ತದೆ, ದಾಖಲಾದ ಮೇಲೆ ಮಾತ್ರೆ ಬರುತ್ತದೆ. ಇದನ್ನು ತಡೆಯಲು ಒಂದು ಹಾಳೆಯಲ್ಲಿ ಅವರು ದಿನವೂ ಆಡುವ ಮೂವತ್ತು ನಲವತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಪಕ್ಕದಲ್ಲಿ ಹಿಂದಿ ಅರ್ಥ ಬರೆಯಿರಿ: ನೀರು, ಬಾಯಾರಿಕೆ, ನೋವು, ಎಲ್ಲಿ ನೋವು, ಒಂದಕ್ಕೆ ಹೋಗಬೇಕು, ಚಳಿ, ಸಾಕು, ಬೇಡ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವವರಾದರೆ ಆ ಮಾತುಗಳನ್ನೇ ಬರೆಯಬೇಕು. ಹಾಳೆಯನ್ನು ಹಾಸಿಗೆಯ ಬಳಿ ಅಂಟಿಸಿ, ಮುಖ್ಯವಾದವುಗಳನ್ನು ನಿಮ್ಮ ದನಿಯಲ್ಲಿ ಮುದ್ರಿಸಿ ಸಿಬ್ಬಂದಿಯ ಮೊಬೈಲಿಗೆ ಕಳುಹಿಸಿರಿ. ಇಷ್ಟನ್ನು ಮಾಡಲು ಉತ್ಸಾಹ ತೋರಿಸುವ ಮೇಲ್ವಿಚಾರಕಿ ಸಿಕ್ಕರೆ ಕಟ್ಟಡ ಸ್ವಲ್ಪ ಹಳೆಯದಾದರೂ ಆ ಸಂಸ್ಥೆಯನ್ನೇ ಆರಿಸಿರೆಂದು ನಾನು ಹೇಳುತ್ತೇನೆ.

ಕಾಯಿಲೆ ಇನ್ನೂ ಮಧ್ಯಮ ಹಂತದಲ್ಲಿದ್ದರೆ ಹಗಲು ಆರೈಕೆ ಕೇಂದ್ರವನ್ನು ಮೊದಲು ಪ್ರಯತ್ನಿಸಬಹುದು. ಬೆಳಗ್ಗೆ ಬಿಟ್ಟು ಸಂಜೆ ಕರೆತರುವ ಇಂಥ ಕೇಂದ್ರಗಳಲ್ಲಿ ನೆನಪಿನ ಆಟ, ಹಾಡು, ಲಘು ವ್ಯಾಯಾಮಗಳಿರುತ್ತವೆ. ಮುಂಬಯಿಯಲ್ಲಿ 1995ರಲ್ಲಿ ಆರಂಭವಾದ ಡಿಗ್ನಿಟಿ ಫೌಂಡೇಶನ್ ಈ ಕೆಲಸ ಮಾಡಿಕೊಂಡು ಬಂದಿದೆ. 1992ರಲ್ಲಿ ಸ್ಥಾಪನೆಯಾದ ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾದ ಮುಂಬಯಿ ಶಾಖೆಯಿಂದ ಹತ್ತಿರದ ಕೇಂದ್ರಗಳ ಮಾಹಿತಿ ಕೇಳಬಹುದು. ಅಷ್ಟರವರೆಗೆ ತಂದೆಯವರ ಅಂಗಿಯ ಜೇಬಿನಲ್ಲಿ ನಿಮ್ಮ ಫೋನ್ ಸಂಖ್ಯೆ ಇರಲಿ, ನಿಮ್ಮ ಕಟ್ಟಡದ ವಾಚ್‌ಮನ್‌ಗೆ ವಿಷಯ ತಿಳಿದಿರಲಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ. ಪುಣೆಯ ಕೊಥರೂಡದಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಮಗಳು ವಿದೇಶದಲ್ಲಿದ್ದಾಳೆ. ಇಬ್ಬರೂ ಆರೋಗ್ಯವಾಗಿರುವಾಗಲೇ ಹಿರಿಯರಿಗಾಗಿ ಕಟ್ಟಿದ ಫ್ಲ್ಯಾಟೊಂದನ್ನು ಕೊಂಡು ಹೋಗುವುದು ಜಾಣತನವೇ?

ಉತ್ತರ: ಆರೋಗ್ಯವಾಗಿರುವಾಗಲೇ ಯೋಚಿಸುತ್ತಿರುವುದು ಜಾಣತನವೇ ಸರಿ. ಈ ಬಗೆಯ ವಸತಿಗೆ ಪುಣೆ ಬಹಳ ಹಿಂದೆಯೇ ಹೆಸರಾಗಿದೆ. ಪಾಷಾಣ, ಬಾವಧನ, ಬಾಣೇರಗಳಲ್ಲಿರುವ ಅಥಶ್ರೀ ವಸತಿಗಳನ್ನು ನೀವು ನೋಡಿಯೇ ಇರುತ್ತೀರಿ. ಇಲ್ಲಿ ಸಿಗುವುದು ಸ್ವತಂತ್ರ ವಾಸ: ನಿಮ್ಮದೇ ಮನೆ, ನಿಮ್ಮದೇ ಕೀಲಿ, ಬೇಕಾದರೆ ಸಾಮೂಹಿಕ ಊಟದ ಮನೆ, ತುರ್ತು ಗಂಟೆ, ಜೊತೆಗೆ ಓರಗೆಯವರು. ಕೊಳ್ಳುವ ಮುನ್ನ ಕೇಳಬೇಕಾದದ್ದು, ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇಲ್ಲಿ ಏನು ಸಿಗುತ್ತದೆ ಎಂಬುದು. ಕೆಲವು ವಸತಿಗಳಲ್ಲಿ ಅದೇ ಆವರಣದಲ್ಲಿ ನೆರವಿನ ವಾಸದ ವಿಭಾಗವಿರುತ್ತದೆ, ಕೆಲವದರಲ್ಲಿ ಹೊರಗಿನ ಸಹಾಯಕರನ್ನು ನೀವೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಎರಡನೆಯದಾದರೆ ನೀವು ಹಣ ತೆತ್ತದ್ದು ಅನುಕೂಲವಾದ ಒಂದು ಫ್ಲ್ಯಾಟಿಗೆ ಮಾತ್ರ, ಆರೈಕೆಗೆ ಅಲ್ಲವೆಂದು ತಿಳಿದಿರಬೇಕು.

ಕೇಂದ್ರ ಸರಕಾರ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಪ್ರಕಟಿಸಿತು. ಮಹಾರಾಷ್ಟ್ರದ ಕಟ್ಟಡ ಯೋಜನೆಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಮಹಾರೇರಾ 2024ರಲ್ಲಿ, ಹಿರಿಯರ ವಸತಿ ಎಂದು ಹೇಳಿ ಮಾರುವ ಯೋಜನೆಗಳು ಕನಿಷ್ಠ ಕೆಲವು ಅನುಕೂಲಗಳನ್ನು ಕೊಡಲೇಬೇಕು ಮತ್ತು ಅವು ಮಾರಾಟದ ಕರಾರಿನಲ್ಲಿ ಇರಬೇಕೆಂದು ಆದೇಶಿಸಿತು. ಗಾಲಿಕುರ್ಚಿ ಮತ್ತು ಸ್ಟ್ರೆಚರ್ ಹೋಗುವ ಲಿಫ್ಟ್, ಮೆಟ್ಟಿಲ ಬದಲು ಇಳಿಜಾರು, 900 ಮಿಲಿಮೀಟರ್ ಅಗಲದ ಬಾಗಿಲು, ಜಾರದ ನೆಲ, ಹಿಡಿಕಂಬಿ ಇತ್ಯಾದಿ. ಹಳೆಯ ಕಟ್ಟಡವಾದರೆ ಇವನ್ನು ನೀವೇ ಅಳೆದು ನೋಡಬೇಕು. ಬ್ಯಾಂಕಿನವರಾದ ನಿಮಗೆ ಮಾಲೀಕತ್ವ, ವಾಸದ ಹಕ್ಕು ಮಾತ್ರ ಕೊಡುವ ಡಿಪಾಸಿಟ್ ಪದ್ಧತಿ ಮತ್ತು ಬಾಡಿಗೆ ಇವುಗಳ ವ್ಯತ್ಯಾಸವನ್ನು ನಾನು ಹೇಳಬೇಕಾಗಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ: ಕೊಥರೂಡದ ಮನೆಯನ್ನು ಕೂಡಲೇ ಮಾರಬೇಡಿರಿ. ಹೊಸ ಜಾಗದಲ್ಲಿ ಬಾಡಿಗೆಗೆ ಕೆಲವು ತಿಂಗಳಿದ್ದು, ಒಂದು ಮಳೆಗಾಲ ಕಳೆದು, ಆ ಮೇಲೆ ನಿರ್ಧರಿಸಿರಿ.

ಪ್ರಶ್ನೆ: ವಾಸ್ಕೋದಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಕ್ಯಾನ್ಸರ್ ಹರಡಿದೆ, ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದ್ದಾರೆ. ನೋವು ವಿಪರೀತ. ವೃದ್ಧಾಶ್ರಮಕ್ಕೆ ಸೇರಿಸಬಹುದೇ?

ಉತ್ತರ: ಚಿಕ್ಕಮ್ಮನವರಿಗೆ ಬೇಕಾದದ್ದು ಉಪಶಮನ ಆರೈಕೆ, ಅಂದರೆ ರೋಗವನ್ನು ಗುಣಪಡಿಸುವ ಬದಲು ನೋವು, ಬಾಧೆಗಳನ್ನು ತಗ್ಗಿಸುವ ಆರೈಕೆ; ಅದನ್ನು ಕೊಡಬಲ್ಲ ವೃದ್ಧಾಶ್ರಮಗಳು ಬಹಳ ಕಡಿಮೆ. ನಿಮ್ಮ ಪುಣ್ಯಕ್ಕೆ ಗೋವೆಯಲ್ಲಿಯೇ ದಾರಿಯಿದೆ. ಭಾರತದ ಮೊದಲ ಹಾಸ್ಪೈಸ್ (ಕೊನೆಯ ಹಂತದ ರೋಗಿಗಳ ಆರೈಕೆಯ ಮನೆ) ಆದ ಶಾಂತಿ ಆವೇದನಾ ಸದನ 1986ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಆರಂಭವಾಯಿತು; ಅದರ ಗೋವಾ ಶಾಖೆ ಲೋಟುಲಿಯಲ್ಲಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಪುಣೆಯ ಓದುಗರಿಗಾಗಿ ಹೇಳುವುದಾದರೆ ವಾರ್ಜೆಯಲ್ಲಿ 1997ರಿಂದ ಸಿಪ್ಲಾ ಉಪಶಮನ ಆರೈಕೆ ಕೇಂದ್ರವೂ ಉಚಿತವಾಗಿ ಇದೇ ಸೇವೆ ಮಾಡುತ್ತಿದೆ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಎಲ್ಲ ಕಾಗದಗಳನ್ನೂ ಜೊತೆಗೆ ಒಯ್ಯಿರಿ.

ನೋವಿಗೆ ಮಾರ್ಫಿನ್ ಕೊಟ್ಟರೆ ಚಟವಾಗುತ್ತದೆ, ಬೇಗ ಸಾಯುತ್ತಾರೆ ಎಂದು ಮನೆಯ ಹಿರಿಯರು ತಡೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಿಳಿದ ವೈದ್ಯರು ಸರಿಯಾದ ಪ್ರಮಾಣದಲ್ಲಿ ಕೊಡುವ ಮಾರ್ಫಿನ್ ಕ್ಯಾನ್ಸರ್ ನೋವಿಗೆ ಅಂಗೀಕೃತವಾದ ಔಷಧ. ಅದು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಚಿಕ್ಕಮ್ಮನವರಿಗೆ ಇನ್ನೂ ಪ್ರಜ್ಞೆ ಸ್ಪಷ್ಟವಾಗಿದ್ದರೆ, ವೆಂಟಿಲೇಟರ್ ಮುಂತಾದವು ತಮಗೆ ಬೇಕೇ ಬೇಡವೇ ಎಂಬ ಅವರ ಇಚ್ಛೆಯನ್ನು ಕೇಳಿಕೊಳ್ಳಿರಿ. ಸುಪ್ರೀಂ ಕೋರ್ಟಿನ 2018ರ ತೀರ್ಪು ಇಂಥ ಮುಂಗಡ ನಿರ್ದೇಶನವನ್ನು ಮಾನ್ಯ ಮಾಡಿದೆ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಪ್ರಶ್ನೆ: ಭಾಂಡೂಪದಲ್ಲಿರುವ ನಮ್ಮ ಸೋದರಮಾವ ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲುಗಳಲ್ಲಿಯೇ ದುಡಿದರು, ಮದುವೆಯಾಗಲಿಲ್ಲ, ಹೋಟೆಲಿನ ಮೇಲಿನ ಕೋಣೆಯೇ ಮನೆ. ಈಗ ಹೋಟೆಲು ಮುಚ್ಚಿದೆ. ಹಣವಿಲ್ಲ. ಅವರಿಗೆ ಯಾವ ಆಶ್ರಮ?

ಉತ್ತರ: ನಮ್ಮ ಸಮುದಾಯದಲ್ಲಿ ಇಂಥವರು ಎಷ್ಟೋ ಮಂದಿ ಇದ್ದಾರೆ, ನಗರದ ಅರ್ಧ ಜನರಿಗೆ ಇಡ್ಲಿ ಬಡಿಸಿದವರು. ದುಡ್ಡಿಲ್ಲದವರಿಗಾಗಿ ಮೂರು ಬಗೆಯ ನೆಲೆಗಳಿವೆ. ಸರಕಾರದ ನೆರವಿನಿಂದ ನಡೆಯುವ ಆಶ್ರಮಗಳು ಮೊದಲನೆಯವು. ಮಹಾರಾಷ್ಟ್ರದಲ್ಲಿ 1995ರಲ್ಲಿ ಆರಂಭವಾದ ಮಾತೋಶ್ರೀ ವೃದ್ಧಾಶ್ರಮ ಯೋಜನೆಯಿದೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ ನಿರ್ಗತಿಕ ಹಿರಿಯರ ವಸತಿಗಳಿಗೂ, ಹಾಸಿಗೆ ಹಿಡಿದವರ ನಿರಂತರ ಆರೈಕೆಯ ಮನೆಗಳಿಗೂ ಸಂಸ್ಥೆಗಳ ಮೂಲಕ ಅನುದಾನ ಬರುತ್ತದೆ. ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲಿ ಇವುಗಳ ಪಟ್ಟಿ ಸಿಗುತ್ತದೆ. ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಪ್ರೊವೆದೋರಿಯಾ ಎಂಬ ಸರಕಾರಿ ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಧರ್ಮಸಂಸ್ಥೆಗಳು ಮತ್ತು ಹಳೆಯ ದತ್ತಿಗಳು ನಡೆಸುವವು ಎರಡನೆಯವು: ಅಂಧೇರಿಯ ಮಹಾಕಾಳಿ ಗುಹೆಗಳ ರಸ್ತೆಯಲ್ಲಿ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ನಡೆಸುವ ಆಶ್ರಮ, ಪುಣೆಯಲ್ಲಿ ಡೇವಿಡ್ ಸಸೂನರ ದಾನದಿಂದ ಹುಟ್ಟಿ ಒಂದೂವರೆ ಶತಮಾನ ಕಂಡ ನಿವಾರಾ. ಮೂರನೆಯವು ನಮ್ಮವರೇ ನಡೆಸುವವು, ಬಿ.ಎಸ್.ಕೆ.ಬಿ. (ಬಾಂಬೆ ಸೌತ್ ಕೆನರಾ ಬ್ರಾಹ್ಮಿನ್ಸ್) ಅಸೋಸಿಯೇಶನ್ನಿನವರು ನೇರುಲಿನಲ್ಲಿ ‘ಆಶ್ರಯ’ವನ್ನು ನಡೆಸುತ್ತಿದ್ದಾರೆ. ಪ್ರತಿಯೊಂದರ ನಿಯಮಗಳೂ ಬೇರೆ. ಉಚಿತ ಆಶ್ರಮಗಳಲ್ಲಿ ಹೆಚ್ಚಿನವು ಎದ್ದು ಓಡಾಡುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ, ಆದ್ದರಿಂದ ಮಾವನವರು ಓಡಾಡುತ್ತಿರುವಾಗಲೇ ಅರ್ಜಿ ಹಾಕಿರಿ.

ತಡೆಯಾಗುವುದು ಸಾಮಾನ್ಯವಾಗಿ ದಾಖಲೆಗಳಿಂದ. ಆಧಾರ್ ಕಾರ್ಡಿನಲ್ಲಿ ಮುಚ್ಚಿದ ಹೋಟೆಲಿನ ವಿಳಾಸವಿರುತ್ತದೆ, ರೇಷನ್ ಕಾರ್ಡು ಊರಿನಲ್ಲಿ ಅಣ್ಣನ ಹೆಸರಿನಲ್ಲಿರುತ್ತದೆ, ವಯಸ್ಸಿಗೆ ಪುರಾವೆ ಇರುವುದಿಲ್ಲ. ನಿಮ್ಮ ವಿಳಾಸಕ್ಕೆ ಆಧಾರ್ ಬದಲಿಸಿ, ಬ್ಯಾಂಕ್ ಖಾತೆಯೊಂದನ್ನು ಚಾಲ್ತಿಯಲ್ಲಿಡಿರಿ. ಹೋಟೆಲಿನಲ್ಲಿ ಭವಿಷ್ಯನಿಧಿ ಕಡಿತವಾಗುತ್ತಿತ್ತೇ ಎಂದೂ ವಿಚಾರಿಸಿರಿ, ಹಳೆಯ ಮಾಲೀಕರು ಇನ್ನೂ ಸಿಗುವಂತಿದ್ದರೆ. ಬಹುತೇಕ ಆಶ್ರಮಗಳು ಒಬ್ಬ ಜವಾಬ್ದಾರ ಬಂಧುವಿನ ಸಹಿ ಕೇಳುತ್ತವೆ. ಅದನ್ನು ನೀವು ಹಾಕಿದರೆ ಆಸ್ಪತ್ರೆಗೆ ಸೇರಿಸಿದಾಗಲೂ ಅಂತ್ಯಕ್ರಿಯೆಗೂ ಅವರು ಕರೆಯುವುದು ನಿಮ್ಮನ್ನೇ ಎಂಬುದನ್ನು ಅರಿತು ಹಾಕಿರಿ.

ಪ್ರಶ್ನೆ: ಆರೋಗ್ಯ ವಿಮೆಯಿಂದ ವೃದ್ಧಾಶ್ರಮದ ಶುಲ್ಕ ಸಿಗುತ್ತದೆಯೇ? ಅದಕ್ಕೆ ಜಿಎಸ್‌ಟಿ ಇದೆಯೇ? (ಕಲ್ಯಾಣ)

ಉತ್ತರ: ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯ ಚಿಕಿತ್ಸೆಗೆ, ವಾಸದ ಶುಲ್ಕಕ್ಕಲ್ಲ. 70 ತುಂಬಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡಲು 2024ರ ಅಕ್ಟೋಬರಿನಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್ ಕೂಡ ಆಸ್ಪತ್ರೆಗೆ ಸೇರಿದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಆದರೂ ಆಶ್ರಮಕ್ಕೆ ಸೇರಿಸುವ ಮುನ್ನ ಆ ಕಾರ್ಡು ಮಾಡಿಸಿಡಿರಿ. ಸರಕಾರ ನಡೆಸುವ ಅಥವಾ ಆದಾಯ ತೆರಿಗೆ ಕಾಯ್ದೆಯಡಿ ದತ್ತಿಯಾಗಿ ನೋಂದಾಯಿತವಾದ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದ ವಾಸಿಗಳಿಂದ ತಿಂಗಳಿಗೆ 25,000 ರೂಪಾಯಿಯವರೆಗೆ ಪಡೆಯುವ ಶುಲ್ಕಕ್ಕೆ 2018ರಿಂದ ಜಿಎಸ್‌ಟಿ ವಿನಾಯಿತಿ ಇದೆ. ಪಿಂಚಣಿದಾರರು ಆಶ್ರಮದಲ್ಲಿದ್ದರೂ ನವೆಂಬರಿನ ಜೀವನ ಪ್ರಮಾಣಪತ್ರ ತಪ್ಪಬಾರದು. ಮೊಬೈಲಿನಲ್ಲಿ ಮುಖ ತೋರಿಸಿ ಸಲ್ಲಿಸುವ ಅನುಕೂಲ ಈಗಿದೆ.

ಪ್ರಶ್ನೆ: ನನಗೆ 76 ವರ್ಷ, ಚೆಂಬೂರಿನ ಫ್ಲ್ಯಾಟ್ ನನ್ನ ಹೆಸರಿನಲ್ಲಿದೆ. ಒಳ್ಳೆಯ ಆಶ್ರಮದಲ್ಲಿ ಇಡುತ್ತೇನೆ, ಖರ್ಚು ನಾನೇ ಕೊಡುತ್ತೇನೆ, ಫ್ಲ್ಯಾಟನ್ನು ನನ್ನ ಹೆಸರಿಗೆ ಮಾಡಿಕೊಡು ಎಂದು ಮಗ ಹೇಳುತ್ತಾನೆ. ಮಾಡಬಹುದೇ?

ಉತ್ತರ: ಅಮ್ಮಾ, ಇಷ್ಟೆಲ್ಲ ಪತ್ರಗಳ ನಡುವೆ ಆಶ್ರಮ ಸೇರಬೇಕಾದವರೇ ಬರೆದ ಪತ್ರ ತಮ್ಮದೊಂದೇ. ಮಗ ಒಳ್ಳೆಯವನೇ ಇರಬಹುದು, ಅವನ ಮೇಲೆ ಸಂಶಯಪಡಿರೆಂದು ನಾನು ಹೇಳುತ್ತಿಲ್ಲ. ಆದರೆ ಫ್ಲ್ಯಾಟನ್ನು ಈಗ ಬರೆದುಕೊಡಬೇಡಿರಿ. ಅದನ್ನು ಬಾಡಿಗೆಗೆ ಕೊಟ್ಟು ಆ ಹಣದಲ್ಲಿಯೇ ಶುಲ್ಕ ಕಟ್ಟಲು ಸಾಧ್ಯವೇ ಎಂದು ಮೊದಲು ಲೆಕ್ಕ ಹಾಕಿರಿ. ಮಗನಿಗೆ ಕೊಡುವ ಇಚ್ಛೆಯಿದ್ದರೆ ಅದಕ್ಕೆ ಮರಣಶಾಸನ ಸಾಕು, ಅದನ್ನು ಬೇಕೆಂದಾಗ ಬದಲಿಸಲೂ ಬಹುದು. ದಾನಪತ್ರವನ್ನೇ ಮಾಡಬೇಕಾಗಿ ಬಂದರೆ ನನ್ನನ್ನು ಜೀವಮಾನವಿಡೀ ನೋಡಿಕೊಳ್ಳಬೇಕು, ಆಶ್ರಮದ ಮತ್ತು ಚಿಕಿತ್ಸೆಯ ಖರ್ಚು ಕೊಡಬೇಕು ಎಂಬ ಷರತ್ತು ಆ ಪತ್ರದಲ್ಲಿಯೇ ಇರಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆಯ 23ನೆಯ ವಿಧಿಯ ಪ್ರಕಾರ ಅಂಥ ಷರತ್ತು ಮುರಿದರೆ ಹಸ್ತಾಂತರವನ್ನು ರದ್ದುಪಡಿಸಬಹುದು. ಷರತ್ತಿನ ಆಧಾರವಿಲ್ಲದೆ ಈ ವಿಧಿ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಅದೇ ಕಾಯ್ದೆಯಡಿ ಉಪವಿಭಾಗಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ತಾವೇ ಅರ್ಜಿ ಕೊಟ್ಟು ತಿಂಗಳಿಗೆ 10,000 ರೂಪಾಯಿಯವರೆಗೆ ಪೋಷಣೆಯ ಹಣ ಕೇಳಬಹುದು. ಆಶ್ರಮದ ವಿಷಯಕ್ಕೆ ಬಂದರೆ, ತಾವು ಓಡಾಡಿಕೊಂಡು, ಪತ್ರ ಬರೆದುಕೊಂಡು ಇರುವವರು. ಸ್ಥಳವನ್ನು ತಾವೇ ಹೋಗಿ ನೋಡಬೇಕು, ಒಂದು ಹೊತ್ತು ಅಲ್ಲಿನವರ ಜೊತೆ ಕುಳಿತು ಉಣ್ಣಬೇಕು, ಒಪ್ಪಂದದಲ್ಲಿ ಸಹಿ ತಮ್ಮದಿರಬೇಕು, ತಿಂಗಳ ರಸೀದಿ ತಮ್ಮ ಹೆಸರಿನಲ್ಲಿರಬೇಕು. ಮೊದಲಿಗೆ ಒಂದು ತಿಂಗಳ ಮಟ್ಟಿಗೆ ಮಾತ್ರ ಸೇರಿ, ಚೆಂಬೂರಿನ ಮನೆಯ ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಿರಿ. ಒತ್ತಡ ಹೆಚ್ಚಾದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಅದು ಉಚಿತ.